ಪಪ್ಪಾಯಿ ಹಾಲು ಗಾಯಕ್ಕೆ ಹಚ್ಚಬಹುದಾ? ಗಿಡದ ಹಾಲಿನ ಪ್ರೋಟೀನುಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಕಾಲಿನ ಗಾಯವೊಂದು ಮಾಗುತ್ತಲೇ ಇಲ್ಲ. ಒಬ್ಬರು ಪಪ್ಪಾಯಿ ಕಾಯಿಯ ಹಾಲು ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಎಕ್ಕದ ಹಾಲು ಹಚ್ಚಿ ಎನ್ನುತ್ತಾರೆ. ಹುಡುಕಿ ಓದಿದರೆ ಗಿಡದ ಹಾಲಿನಲ್ಲಿರುವ ಪ್ರೋಟೀನುಗಳು ಗಾಯ ಮಾಗಿಸುತ್ತವೆ, ಊತ ಇಳಿಸುತ್ತವೆ, ಕ್ಯಾನ್ಸರ್ ಕೋಶ ಕೊಲ್ಲುತ್ತವೆ ಎಂದೆಲ್ಲ ಸಂಶೋಧನೆಗಳು ಸಿಗುತ್ತವೆ. ಇದು ನಿಜವೇ? ನಿಜವಾದರೆ ಇವು ಯಾಕೆ ಔಷಧಿಯಾಗಿ ಬಂದಿಲ್ಲ?

ಉತ್ತರ: ಮೊದಲು ತಾಯಿಯವರ ಕಾಲಿನ ವಿಷಯ ಮುಗಿಸಿಬಿಡೋಣ. ಹಚ್ಚಬೇಡಿ. ಎಕ್ಕದ್ದೂ ಬೇಡ, ಪಪ್ಪಾಯಿಯದ್ದೂ ಬೇಡ. ಸಕ್ಕರೆ ಕಾಯಿಲೆ ಹಳೆಯದಾದರೆ ಎಷ್ಟೋ ಜನರಿಗೆ ಪಾದದ ನರಗಳು ಮಂದವಾಗಿರುತ್ತವೆ. ಹಾಲು ಚರ್ಮವನ್ನು ಸುಡುತ್ತಿದ್ದರೂ ಉರಿ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಸಣ್ಣ ಗಾಯ ದೊಡ್ಡದಾಗಿರುತ್ತದೆ. ಮಾಗದ ಪಾದದ ಗಾಯವನ್ನು ಡಾಕ್ಟರು ನೋಡಲೇಬೇಕು. ರಕ್ತ ಪಾದದ ತನಕ ಸರಿಯಾಗಿ ಬರುತ್ತಿದೆಯಾ, ಒಳಗೆ ಕೀವು ಇದೆಯಾ, ಮೂಳೆಗೆ ಸೋಂಕು ತಗುಲಿದೆಯಾ ಅನ್ನುವುದು ಅಲ್ಲಿ ಮುಖ್ಯವಾದ ಪ್ರಶ್ನೆಗಳು. ಈ ಮೂರಕ್ಕೂ ಯಾವ ಗಿಡದ ಹಾಲಿನಲ್ಲೂ ಉತ್ತರವಿಲ್ಲ.

ಇನ್ನು ನೀವು ಓದಿದ ಸಂಶೋಧನೆಗಳ ವಿಷಯ. ಅವು ಸುಳ್ಳಲ್ಲ. ಅದರಲ್ಲೇ ಇರುವುದು ತೊಂದರೆ. ಗಿಡದ ಹಾಲಿನ ಪ್ರೋಟೀನುಗಳು ನಿಜಕ್ಕೂ ಶಕ್ತಿಶಾಲಿ. ಆದರೆ ಆ ಶಕ್ತಿ ಹುಟ್ಟಿದ್ದು ನಮ್ಮ ಒಳ್ಳೆಯದಕ್ಕಲ್ಲ.

ಎಲೆ ಕಿತ್ತಾಗ, ಕಾಂಡ ಗೀರಿದಾಗ ಬಿಳಿ ಹಾಲು ಬರುತ್ತದಲ್ಲ, ಅದು ಗಿಡದ ಊಟ ಸಾಗಿಸುವ ರಸವಲ್ಲ. ಅದಕ್ಕೆಂದೇ ಬೇರೆ ನಾಳಗಳಿವೆ. ಆ ನಾಳಗಳಲ್ಲಿ ಹಾಲು ಒತ್ತಡದಲ್ಲಿ ತುಂಬಿಕೊಂಡಿರುತ್ತದೆ. ಹುಳ ಒಂದು ಕಡೆ ಕಚ್ಚಿದರೆ ಸಾಕು, ಅಲ್ಲಿಂದ ಚಿಮ್ಮುತ್ತದೆ. ಅಂಟಾಗಿ ಹುಳದ ಬಾಯಿ ಮುಚ್ಚುತ್ತದೆ, ಗಿಡದ ಗಾಯವನ್ನೂ ಮುಚ್ಚುತ್ತದೆ. ಸಾವಿರಾರು ಜಾತಿಯ ಗಿಡಗಳು ಈ ವ್ಯವಸ್ಥೆ ಇಟ್ಟುಕೊಂಡಿವೆ. ಪಪ್ಪಾಯಿ, ಅಂಜೂರ, ಆಲ, ಅತ್ತಿ, ಎಕ್ಕ, ಕಳ್ಳಿ, ರಬ್ಬರ್, ಗಸಗಸೆ, ಹಿಪ್ಪುನೇರಳೆ ಎಲ್ಲ ಈ ಗುಂಪಿಗೇ ಸೇರಿದವು.

ಈ ಹಾಲು ಆಯುಧ ಅನ್ನುವುದನ್ನು ಚೆನ್ನಾಗಿ ತೋರಿಸಿದ್ದು ಜಪಾನಿನ ಒಂದು ಪ್ರಯೋಗ. 2004ರಲ್ಲಿ ಪ್ರಕಟವಾಯಿತು. ಕೊಟಾರೊ ಕೊನ್ನೊ ಮತ್ತು ಅವರ ಜೊತೆಗಾರರು ಪಪ್ಪಾಯಿ ಎಲೆಯನ್ನು ಕಂಬಳಿಹುಳಗಳಿಗೆ ತಿನ್ನಲು ಕೊಟ್ಟರು. ಹುಳಗಳು ಬೆಳೆಯಲಿಲ್ಲ, ಸತ್ತವು. ಆಮೇಲೆ ಎಲೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಹಾಲೆಲ್ಲ ಹೋಗುವಂತೆ ನೀರಿನಲ್ಲಿ ತೊಳೆದು ಕೊಟ್ಟರು. ಅದೇ ಹುಳಗಳು ಆರಾಮಾಗಿ ತಿಂದು ಬೆಳೆದವು. ಇನ್ನೊಂದು ಕಡೆ ಎಲೆಯನ್ನು ತೊಳೆಯದೆ, ಪಪ್ಪಾಯಿ ಹಾಲಿನ ಕಿಣ್ವಗಳನ್ನು ಮಾತ್ರ ಕಟ್ಟಿಹಾಕುವ ಇ-64 ಎಂಬ ರಾಸಾಯನಿಕವನ್ನು ಬಳಿದರು. ಆಗಲೂ ಹುಳಗಳು ಬದುಕಿದವು. ಅಂದರೆ ಕೊಲ್ಲುತ್ತಿದ್ದದ್ದು ಆ ಕಿಣ್ವಗಳೇ. ಕಿಣ್ವ ಅಂದರೆ ರಾಸಾಯನಿಕ ಕೆಲಸ ಮಾಡುವ ಪ್ರೋಟೀನು. ಇದು ಔಷಧಿಯ ಸಂಶೋಧನೆ ಅಲ್ಲವೇ ಅಲ್ಲ. ಆದರೂ ಗಿಡದ ಹಾಲನ್ನು ಔಷಧಿ ಅಂದುಕೊಳ್ಳುವ ಯಾರೇ ಆದರೂ ಮೊದಲು ಓದಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ಪಪ್ಪಾಯಿಯ ಮುಖ್ಯ ಕಿಣ್ವದ ಹೆಸರು ಪಪೇನ್. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು 212 ಸೇರಿದ ಒಂದೇ ಸರಪಳಿ. ಜೊತೆಗೆ ಕೈಮೋಪಪೇನ್, ಕ್ಯಾರಿಕೇನ್, ಗ್ಲೈಸಿಲ್ ಎಂಡೋಪೆಪ್ಟಿಡೇಸ್ ಅಂತ ಅದರ ಮೂವರು ದಾಯಾದಿಗಳು ಅದೇ ಹಾಲಿನಲ್ಲಿದ್ದಾರೆ. ಎಲ್ಲರ ಕೆಲಸವೂ ಒಂದೇ, ಬೇರೆ ಪ್ರೋಟೀನುಗಳನ್ನು ಕತ್ತರಿಸುವುದು. ಕತ್ತರಿ ಅಂದುಕೊಳ್ಳಿ. ಗಿಡದೊಳಗೆ ಇರುವಾಗ ಈ ಕತ್ತರಿ ಒರೆಯಲ್ಲಿರುತ್ತದೆ, ಅಂದರೆ ಸರಪಳಿಯ ಒಂದು ಹೆಚ್ಚುವರಿ ತುಂಡು ಕತ್ತರಿಸುವ ಬಾಯನ್ನು ಮುಚ್ಚಿರುತ್ತದೆ. ಕಾಯಿಯನ್ನು ಗೀರಿ ಹಾಲು ಹೊರಗೆ ಬಂದ ಕೆಲವೇ ನಿಮಿಷಗಳಲ್ಲಿ ಆ ತುಂಡು ಕಳಚಿ ಬೀಳುತ್ತದೆ.

ಇದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ನಾವು ಕುಡಿಯುವ ಹಾಲಿನ ಪುಡಿ ಬೆರೆಸಿದ ಅಗರ್ (ಜೆಲ್ಲಿಯಂಥ ವಸ್ತು) ತಟ್ಟೆ ಬೆಳ್ಳಗೆ, ಮಂಜಾಗಿರುತ್ತದೆ. ಅದರ ನಡುವೆ ಸಣ್ಣ ಗುಳಿ ಮಾಡಿ ನೀರು ಬೆರೆಸಿದ ಪಪ್ಪಾಯಿ ಹಾಲು ಒಂದು ಹನಿ ಬಿಡಬೇಕು. ಸ್ವಲ್ಪ ಹೊತ್ತಿನಲ್ಲೇ ಗುಳಿಯ ಸುತ್ತ ಗಾಜಿನಂತೆ ತಿಳಿಯಾದ ಒಂದು ಬಳೆ ಕಾಣಿಸುತ್ತದೆ. ಅಲ್ಲಿದ್ದ ಹಾಲಿನ ಪುಡಿಯ ಪ್ರೋಟೀನು ಚೂರುಚೂರಾಗಿ ಕರಗಿದೆ ಎಂದು ಅರ್ಥ. ಹೊತ್ತು ಹೋದಂತೆ ಬಳೆ ದೊಡ್ಡದಾಗುತ್ತಾ ಹೋಗುತ್ತದೆ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದರೆ ಸಾಕು, ಗ್ಲೌಸ್ ಹಾಕಿಕೊಳ್ಳಿ ಎಂದು ಮತ್ತೆ ಹೇಳಬೇಕಾಗಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ: ಔಷಧಿಯಾಗಿ ಯಾಕೆ ಬಂದಿಲ್ಲ? ಬಂದಿತ್ತು. ಅದೂ ಸುಮ್ನೆ ಅಲ್ಲ, ಬೆನ್ನುಮೂಳೆಯ ಒಳಕ್ಕೇ ಹೋಗಿತ್ತು. ಈ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗಿಡದ ಹಾಲಿನ ಪ್ರೋಟೀನುಗಳ ಆಸೆ, ಅಪಾಯ ಎರಡೂ ಇದರಲ್ಲಿ ಸಿಗುತ್ತವೆ.

1956ರಲ್ಲಿ ಅಮೆರಿಕದ ಲೂಯಿಸ್ ಥಾಮಸ್ ಎಂಬ ವೈದ್ಯ ಬೇರೇನನ್ನೋ ಹುಡುಕುತ್ತಾ ಮೊಲಗಳ ರಕ್ತನಾಳಕ್ಕೆ ಪಪೇನ್ ಚುಚ್ಚಿದ. ಕೆಲವು ಗಂಟೆಗಳಲ್ಲಿ ಮೊಲಗಳ ನೆಟ್ಟಗಿನ ಕಿವಿಗಳು ಜೋತುಬಿದ್ದವು. ಕಿವಿಯ ಮೃದ್ವಸ್ಥಿಯನ್ನು ಗಟ್ಟಿಯಾಗಿಡುವ ವಸ್ತುವನ್ನು ಪಪೇನ್ ಕತ್ತರಿಸಿ ಕರಗಿಸಿಬಿಟ್ಟಿತ್ತು. ಕೆಲವು ದಿನಗಳಲ್ಲಿ ಆ ವಸ್ತು ಮತ್ತೆ ತುಂಬಿಕೊಂಡು ಕಿವಿಗಳು ಮೊದಲಿನಂತೆ ನಿಂತವು. ಇದನ್ನು ಓದಿದ ಲೈಮನ್ ಸ್ಮಿತ್ ಎಂಬ ಮೂಳೆ ವೈದ್ಯನಿಗೆ ಬೇರೊಂದು ಯೋಚನೆ ಬಂತು. ಬೆನ್ನುಮೂಳೆಗಳ ನಡುವಿನ ಡಿಸ್ಕಿನ ಒಳಗಿರುವ ತಿರುಳೂ ಹೆಚ್ಚುಕಡಿಮೆ ಇಂಥದೇ ವಸ್ತು. ಆ ತಿರುಳು ಉಬ್ಬಿ ನರವನ್ನು ಒತ್ತಿದಾಗ ಸೊಂಟದಿಂದ ಕಾಲಿನವರೆಗೆ ನೋವು ಇಳಿಯುತ್ತದೆ. ಅಲ್ಲಿಗೇ ಸೂಜಿ ಹಾಕಿ ತಿರುಳನ್ನು ಕರಗಿಸಿದರೆ ಹೇಗೆ?

ಸ್ಮಿತ್ ಆರಿಸಿಕೊಂಡದ್ದು ಕೈಮೋಪಪೇನನ್ನು. 1960ರ ದಶಕದ ಮೊದಲಲ್ಲೇ ಮನುಷ್ಯರ ಮೇಲೆ ಪ್ರಯೋಗ ಮಾಡಿ, 1964ರಲ್ಲಿ ಫಲಿತಾಂಶ ಪ್ರಕಟಿಸಿದ. ಮುಂದೆ ವರ್ಷಾನುಗಟ್ಟಲೆ ವಾದವಿವಾದ ನಡೆದು, ಕೊನೆಗೆ 1982ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್ನಿನಲ್ಲಿ ಡಿಸ್ಕಿನ ನೋವು ಹೋಗುತ್ತದೆ ಅಂದರೆ ಯಾರಿಗೆ ಬೇಡ? ಸಾವಿರಾರು ಜನ ಮಾಡಿಸಿಕೊಂಡರು. ಹೋಲಿಸಿ ನೋಡುವ ಪ್ರಯೋಗಗಳಲ್ಲೂ ಬರೀ ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಇದರಲ್ಲಿ ಜಾಸ್ತಿ ಜನಕ್ಕೆ ಗುಣ ಕಂಡಿತು.

ಆದರೆ ಎರಡು ತೊಂದರೆ ಬಂದವು. ಕೆಲವರಿಗೆ ಇಂಜೆಕ್ಷನ್ ಕೊಟ್ಟ ನಿಮಿಷಗಳಲ್ಲೇ ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಯನ್ನು ಹಿಡಿಯುವ ತೀವ್ರ ಅಲರ್ಜಿ. ರಕ್ತದೊತ್ತಡ ಕುಸಿಯುತ್ತದೆ, ಉಸಿರು ಕಟ್ಟುತ್ತದೆ. ಕೆಲವರು ತೀರಿಕೊಂಡರು. ಎರಡನೆಯದು, ಸೂಜಿ ತುಸು ಜಾರಿ ಕಿಣ್ವ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹೋದರೆ ಅಲ್ಲಿನ ಸಣ್ಣ ರಕ್ತನಾಳಗಳು ಒಡೆದು ರಕ್ತಸ್ರಾವ, ಕಾಲು ಸ್ವಾಧೀನ ತಪ್ಪುವುದು. ಇಂಥವು ಅಪರೂಪ, ಆದರೆ ಭಯ ಹುಟ್ಟಿಸಲು ಸಾಕಾದವು. ಅಷ್ಟರಲ್ಲಿ ಸಣ್ಣ ರಂಧ್ರದ ಆಪರೇಷನ್‌ಗಳೂ ಸುಧಾರಿಸಿದವು. 2003ರ ಹೊತ್ತಿಗೆ ಕೈಮೋಪಪೇನ್ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಕಂಪನಿ ಅದನ್ನು ಮಾರುವುದನ್ನೇ ಬಿಟ್ಟಿತು.

ಗಮನಿಸಿ, ಆ ಔಷಧಿ ಕೆಲಸ ಮಾಡದೆ ಸೋತದ್ದಲ್ಲ. ಡಿಸ್ಕಿನ ಒಳಗೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಕತ್ತರಿಸುವ ಕಿಣ್ವಕ್ಕೆ ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿಲ್ಲ, ನಮ್ಮ ರೋಗನಿರೋಧಕ ವ್ಯವಸ್ಥೆಗೆ ಗಿಡದ ಪ್ರೋಟೀನು ಹೊರಗಿನದು. ತೊಂದರೆ ಇದ್ದದ್ದು ಈ ಎರಡರಲ್ಲಿ. ಮುಂದೆ ನಾನು ಹೇಳುವ ಯಾವ ಉದಾಹರಣೆ ತೆಗೆದುಕೊಂಡರೂ ಇವೇ ಎರಡು ಎದುರಾಗುತ್ತವೆ. ಡಿಸ್ಕಿನ ಒಳಕ್ಕೆ ಇಂಜೆಕ್ಷನ್ ಕೊಡುವ ಉಪಾಯ ಮಾತ್ರ ಸತ್ತಿಲ್ಲ. 2018ರಲ್ಲಿ ಜಪಾನ್ ಅದೇ ಕೆಲಸಕ್ಕೆ ಕಾಂಡೋಲಿಯೇಸ್ ಎಂಬ ಕಿಣ್ವವನ್ನು ಒಪ್ಪಿತು. ಅದು ಬಂದಿರುವುದು ಬ್ಯಾಕ್ಟೀರಿಯಾದಿಂದ, ಗಿಡದಿಂದಲ್ಲ. ಪ್ರೋಟೀನುಗಳನ್ನು ಕತ್ತರಿಸುವುದೂ ಇಲ್ಲ.

ಗಾಯದ ವಿಷಯಕ್ಕೆ ಬರೋಣ, ಏಕೆಂದರೆ ನಿಮಗೆ ಬೇಕಾದದ್ದು ಅದು. ಮಾಗದ ಗಾಯದ ಮೇಲೆ ಸತ್ತ ಮಾಂಸ ಪದರವಾಗಿ ಕೂತಿರುತ್ತದೆ. ಅದು ಇರುವ ತನಕ ಕೆಳಗೆ ಹೊಸ ಚರ್ಮ ಬೆಳೆಯುವುದು ಕಷ್ಟ. ಡಾಕ್ಟರು ಬ್ಲೇಡಿನಿಂದ ಅದನ್ನು ಕೆರೆದು ತೆಗೆಯುತ್ತಾರೆ. ಅದೇ ಕೆಲಸಕ್ಕೆ ಪಪೇನ್ ಮತ್ತು ಯೂರಿಯಾ ಬೆರೆಸಿದ ಮುಲಾಮುಗಳು ಅಮೆರಿಕದಲ್ಲಿ ಬಹಳ ವರ್ಷ ಬಳಕೆಯಲ್ಲಿದ್ದವು. ಯೂರಿಯಾ ಸತ್ತ ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ, ಪಪೇನ್ ಅದನ್ನು ಕತ್ತರಿಸುತ್ತದೆ. ಜಾಣ ಜೋಡಿಯೇ ಸರಿ. ಪಪ್ಪಾಯಿ ಹಾಲು ಗಾಯ ಶುದ್ಧ ಮಾಡುತ್ತದೆ ಅನ್ನುವ ಮಾತು ಪೂರ್ತಿ ಪೊಳ್ಳಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಆದರೆ ಈ ಮುಲಾಮುಗಳು ಹೊಸ ನಿಯಮಗಳ ಪ್ರಕಾರ ಪರೀಕ್ಷೆಯಾಗಿ ಒಪ್ಪಿಗೆ ಪಡೆದವಲ್ಲ, ಹಳೆಯ ಕಾಲದಿಂದ ಹಾಗೇ ನಡೆದು ಬಂದಿದ್ದವು. ಹಚ್ಚಿದವರಲ್ಲಿ ಕೆಲವರಿಗೆ ರಕ್ತದೊತ್ತಡ ಇಳಿದದ್ದು, ಎದೆ ಬಡಿತ ಏರಿದ್ದು, ತೀವ್ರ ಅಲರ್ಜಿಯಾದದ್ದು ವರದಿಯಾಯಿತು. 2008ರಲ್ಲಿ ಎಫ್‌ಡಿಎ ಅವುಗಳ ಮಾರಾಟ ನಿಲ್ಲಿಸಲು ಆದೇಶಿಸಿತು.

ಅಂದರೆ ಕಾರ್ಖಾನೆಯಲ್ಲಿ ಅಳತೆ ಮಾಡಿ, ಶುದ್ಧ ಮಾಡಿ ತಯಾರಿಸಿದ ಪಪೇನೇ ಈ ತೊಂದರೆ ಕೊಟ್ಟಿತು. ಕಾಯಿ ಗೀರಿದಾಗ ಬರುವ ಹಾಲಿನಲ್ಲಿ ಎಷ್ಟು ಕಿಣ್ವ ಇದೆ, ಎಷ್ಟು ಚುರುಕಾಗಿದೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಕಾಯಿ ಎಳೆಯದೋ ಬಲಿತದ್ದೋ, ಹಾಲು ಗಾಳಿಗೆ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಅದು ಸೋಂಕುರಹಿತವೂ ಅಲ್ಲ. ಒಂದು ಸಂಗತಿಯನ್ನು ಮಾತ್ರ ಒಪ್ಪಬೇಕು. ಹಾಲು ಕೊಡುವ ಗಿಡವಲ್ಲದಿದ್ದರೂ ಅನಾನಸಿನ ಕಾಂಡದ ಕಿಣ್ವಗಳು ಪಪೇನಿನ ಹತ್ತಿರದ ನೆಂಟರು. ಅವುಗಳಿಂದ ಮಾಡಿದ ನೆಕ್ಸೊಬ್ರಿಡ್ ಎಂಬ ಔಷಧಿಗೆ ಸುಟ್ಟ ಗಾಯದ ಸತ್ತ ಚರ್ಮ ತೆಗೆಯಲು ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ, ನೋವು ನಿವಾರಕ ಕೊಟ್ಟು, ಕೆಲವು ಗಂಟೆ ಹಚ್ಚಿಟ್ಟು, ಒರೆಸಿ ತೆಗೆಯುತ್ತಾರೆ. ಹೀಗೆ ಜಾಗಕ್ಕೂ ಹೊತ್ತಿಗೂ ಕಡಿವಾಣ ಹಾಕಿದಾಗ ಈ ಕುಟುಂಬದ ಕಿಣ್ವಗಳು ಔಷಧಿಯಾಗಬಲ್ಲವು.

ಹಲ್ಲಿನಲ್ಲೂ ಇದೇ ತರ್ಕ. ಬ್ರೆಜಿಲ್‌ನಲ್ಲಿ 2003ರಲ್ಲಿ ಬಂದ ಪಪಕಾರಿ ಎಂಬ ಜೆಲ್‌ನಲ್ಲಿ ಪಪೇನ್ ಇದೆ. ಹುಳುಕು ಹಿಡಿದ ಹಲ್ಲಿನ ಮೆತ್ತಗಾದ ಭಾಗವನ್ನು ಅದು ಇನ್ನಷ್ಟು ಸಡಿಲ ಮಾಡುತ್ತದೆ, ದಂತವೈದ್ಯರು ಡ್ರಿಲ್ ಇಲ್ಲದೆ ಕೆರೆದು ತೆಗೆಯುತ್ತಾರೆ. ಸತ್ತ ಭಾಗದಲ್ಲಿ ಪಪೇನನ್ನು ತಡೆಯುವ ಪ್ರೋಟೀನುಗಳು ಇರುವುದಿಲ್ಲ, ಜೀವ ಇರುವ ಭಾಗದಲ್ಲಿ ಇರುತ್ತವೆ, ಹಾಗಾಗಿ ಅದು ಆರಿಸಿ ಕತ್ತರಿಸುತ್ತದೆ ಎಂಬುದು ಇದರ ಹಿಂದಿನ ವಾದ. ಡ್ರಿಲ್ ಶಬ್ದಕ್ಕೇ ಅಳುವ ಮಕ್ಕಳಿಗೆ ಇದು ಒಳ್ಳೆಯದು. ಡ್ರಿಲ್‌ಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ ಅನ್ನುವುದೊಂದೇ ಕೊರತೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಮಾಂಸದ ತುಂಡು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಪಪೇನ್ ಕುಡಿಸಿ ಕರಗಿಸುವ ಪದ್ಧತಿ ಒಂದು ಕಾಲದಲ್ಲಿ ಆಸ್ಪತ್ರೆಗಳಲ್ಲೇ ಇತ್ತು. ಕೆಲವರಲ್ಲಿ ಮಾಂಸದ ಜೊತೆ ಅನ್ನನಾಳವೂ ತೂತಾಯಿತು. ಈಗ ಯಾರೂ ಹಾಗೆ ಮಾಡುವುದಿಲ್ಲ.

ಎಕ್ಕದ ಹಾಲಿನ ಬಗ್ಗೆ ಕೇಳಿದ್ದೀರಿ. ನನಗೆ ಅತಿ ಕುತೂಹಲದ ಗಿಡ ಇದೇ. ಹಾಗೇ ಮನೆಯಲ್ಲಿ ಮುಟ್ಟಲೇಬಾರದು ಎಂದು ನಾನು ಹೇಳುವ ಗಿಡವೂ ಇದೇ. ಎಕ್ಕದ ಹಾಲನ್ನು ಒಣಗಿಸಿ ಇಲಿಯ ಪಾದಕ್ಕೆ ಚುಚ್ಚಿದರೆ ಪಾದ ಊದಿಕೊಳ್ಳುತ್ತದೆ. ಊತದ ಔಷಧಿಗಳನ್ನು ಪರೀಕ್ಷಿಸಲು ಹೀಗೆ ಊತ ಬರಿಸುವುದು ಪ್ರಯೋಗಾಲಯಗಳಲ್ಲಿ ಒಂದು ರೂಢಿ. ಆದರೆ ಬ್ರೆಜಿಲ್‌ನ ಸಿಯಾರಾ ಫೆಡರಲ್ ವಿಶ್ವವಿದ್ಯಾಲಯದ ತಂಡ ಅದೇ ಹಾಲಿನ ಪ್ರೋಟೀನು ಭಾಗವನ್ನು ಬೇರ್ಪಡಿಸಿ ಇಲಿಯ ರಕ್ತನಾಳಕ್ಕೆ ಕೊಟ್ಟಾಗ, ಬೇರೆ ವಸ್ತುವಿನಿಂದ ಬರಿಸಿದ ಊತ ಕಡಿಮೆಯಾಯಿತು. ಒಂದೇ ಹಾಲು ಊತ ತರಿಸುತ್ತದೆ, ಊತ ತಗ್ಗಿಸುತ್ತದೆ. ಎಲ್ಲಿ ಕೊಟ್ಟಿರಿ, ಯಾವ ಭಾಗ ಕೊಟ್ಟಿರಿ ಅನ್ನುವುದೇ ಎಲ್ಲವನ್ನೂ ನಿರ್ಧರಿಸಿತು.

ಆ ಬೇರ್ಪಡಿಸುವ ಕೆಲಸ ಹೇಗೆ ಅಂದರೆ, ಹಾಲನ್ನು ನೀರಿಗೆ ಹಿಡಿದು, ವೇಗವಾಗಿ ತಿರುಗಿಸಿ ಅದರಲ್ಲಿರುವ ರಬ್ಬರ್ ಅಂಶವನ್ನು ಬೇರೆ ಮಾಡುತ್ತಾರೆ. ಉಳಿದ ತಿಳಿಯನ್ನು ಬಹಳ ಸಣ್ಣ ರಂಧ್ರಗಳಿರುವ ಪೊರೆಯ ಚೀಲಕ್ಕೆ ತುಂಬಿ ನೀರಿನಲ್ಲಿ ಇಳಿಬಿಡುತ್ತಾರೆ. ಸಣ್ಣ ಅಣುಗಳು ಪೊರೆ ದಾಟಿ ನೀರಿಗೆ ಹೋಗುತ್ತವೆ. ಪ್ರೋಟೀನುಗಳು ದೊಡ್ಡವು, ಚೀಲದಲ್ಲೇ ಉಳಿಯುತ್ತವೆ. ಹೀಗೆ ನೀರಿಗೆ ಹೋಗುವುದರಲ್ಲಿ ಮುಖ್ಯವಾದದ್ದು ಕ್ಯಾಲೊಟ್ರೊಪಿನ್‌ನಂಥ ಹೃದಯದ ಮೇಲೆ ಕೆಲಸ ಮಾಡುವ ವಿಷಗಳು. ಎಕ್ಕದ ಹಾಲನ್ನು ಹಾಗೇ ಬಳಸುವವರಿಗೆ ಈ ವಿಷವೂ ಜೊತೆಗೇ ಸಿಗುತ್ತದೆ. ಸಂಶೋಧನಾ ಲೇಖನದಲ್ಲಿ ಎಕ್ಕದ ಲ್ಯಾಟೆಕ್ಸ್ ಪ್ರೋಟೀನು ಎಂದು ಓದಿದಾಗ ಈ ಚೀಲದೊಳಗೆ ಉಳಿದದ್ದು ಎಂದು ಅರ್ಥ ಮಾಡಿಕೊಳ್ಳಿ, ಗಿಡದಿಂದ ತೊಟ್ಟಿಕ್ಕಿದ್ದು ಎಂದಲ್ಲ.

ಕಣ್ಣಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಎಷ್ಟೋ ಸಲ ನೋವೇ ಆಗುವುದಿಲ್ಲ, ದೃಷ್ಟಿ ಮಾತ್ರ ಮಂಜಾಗುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಊದಿಕೊಂಡಿರುತ್ತದೆ. ನೋವಿಲ್ಲ ಎಂದು ಸುಮ್ಮನಿದ್ದುಬಿಡುವುದೇ ಅಪಾಯ. ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಗಾಯಕ್ಕೆ ಎಕ್ಕದ ಹಾಲು ಹಾಕಿದರೆ ರಕ್ತ ನಿಲ್ಲುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ಹುರುಳಿದೆ. ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿಗಳು 2005ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಎಕ್ಕದ ಹಾಲಿನ ಕಿಣ್ವಗಳು ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನನ್ನು ಕತ್ತರಿಸುತ್ತವೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನಮ್ಮ ದೇಹದಲ್ಲಿ ಥ್ರಾಂಬಿನ್ ಮಾಡುವ ಕೆಲಸ ಇದು. ಆದರೆ ಥ್ರಾಂಬಿನ್ ಎಲ್ಲಿ ಬೇಕೋ ಅಲ್ಲಿ ಮಾತ್ರ ಕತ್ತರಿಸಿ ನಿಲ್ಲುತ್ತದೆ. ಎಕ್ಕದ ಕಿಣ್ವಗಳು ನಿಲ್ಲುವುದಿಲ್ಲ. ಕಟ್ಟಿದ ಹೆಪ್ಪನ್ನೂ ಅವೇ ಕರಗಿಸಬಲ್ಲವು. ವಿಜ್ಞಾನಿಗೆ ಇದು ಬಂಗಾರದಂಥ ಸುಳಿವು, ಏಕೆಂದರೆ ಹೆಪ್ಪುಗಟ್ಟಿಸುವ ಔಷಧಿಯೂ ಬೇಕು, ಹೆಪ್ಪು ಕರಗಿಸುವ ಔಷಧಿಯೂ ಬೇಕು. ಗಾಯ ಆದವರಿಗೆ ಮಾತ್ರ ಇದರಿಂದ ಸದ್ಯಕ್ಕೆ ಉಪಯೋಗವಿಲ್ಲ.

ನರಹುಲಿಗೆ ಅಂಜೂರದ ಹಾಲು ಹಚ್ಚುವುದನ್ನು ಮಾತ್ರ ಮನುಷ್ಯರ ಮೇಲೆಯೇ ಹೋಲಿಸಿ ನೋಡಿದ್ದಾರೆ. ಇರಾನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ. ಮೈಯ ಎರಡೂ ಬದಿಯಲ್ಲಿ ನರಹುಲಿ ಇದ್ದ 25 ಜನರನ್ನು ಆರಿಸಿ, ಒಂದು ಬದಿಗೆ ಅಂಜೂರದ ಹಾಲು, ಇನ್ನೊಂದು ಬದಿಗೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಮಾಮೂಲಿ ಚಿಕಿತ್ಸೆ. ಅಂಜೂರದ ಬದಿಯಲ್ಲಿ 11 ಜನರಿಗೆ, ಇನ್ನೊಂದು ಬದಿಯಲ್ಲಿ 14 ಜನರಿಗೆ ಪೂರ್ತಿ ಹೋಯಿತು. ಕೆಟ್ಟ ಫಲಿತಾಂಶವೇನಲ್ಲ. ಆದರೆ ಹಾಲನ್ನೇ ಹಚ್ಚಿದ್ದರಿಂದ ಅದರಲ್ಲಿರುವ ಫೈಸಿನ್ ಕಿಣ್ವ ಕೆಲಸ ಮಾಡಿತೋ ಬೇರೆ ಏನಾದರೂ ಮಾಡಿತೋ ಇದರಿಂದ ತಿಳಿಯುವುದಿಲ್ಲ. ನರಹುಲಿ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ ಅನ್ನುವುದನ್ನೂ ನೆನಪಿಡಬೇಕು. ಮತ್ತೆ ಅಂಜೂರದ ಹಾಲು ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು. ಅದಕ್ಕೆ ಕಾರಣ ಪ್ರೋಟೀನಲ್ಲ, ಹಾಲಿನಲ್ಲಿರುವ ಬೇರೆ ಸಣ್ಣ ಅಣುಗಳು.

ಇಲ್ಲೊಂದು ಗೊಂದಲ ಬಿಡಿಸಬೇಕು. ಗಿಡದ ಹಾಲಿನಿಂದ ಬಂದ ಹೆಸರಾಂತ ಔಷಧಿಗಳಲ್ಲಿ ಹಲವು ಪ್ರೋಟೀನುಗಳೇ ಅಲ್ಲ. ಗಸಗಸೆ ಕಾಯಿಯ ಹಾಲಿನ ಮಾರ್ಫಿನ್ ಒಂದು ಸಣ್ಣ ಅಣು. ದಕ್ಷಿಣ ಅಮೆರಿಕದ ಕ್ರೋಟನ್ ಮರದ ರಕ್ತದಂಥ ಕೆಂಪು ಹಾಲಿನಿಂದ ಬಂದ ಕ್ರೊಫೆಲೆಮರ್, ಎಚ್‌ಐವಿ ಇರುವವರ ಭೇದಿಗೆ 2012ರ ಕೊನೆಯಲ್ಲಿ ಒಪ್ಪಿಗೆ ಪಡೆಯಿತು. ಅದು ಟ್ಯಾನಿನ್ (ಒಗರು ರುಚಿಯ ಗಿಡದ ವಸ್ತು) ಜಾತಿಯದು, ಪ್ರೋಟೀನಲ್ಲ. ಪುಟ್ಟ ಕಳ್ಳಿ ಜಾತಿಯ ಗಿಡವೊಂದರಿಂದ ಬಂದ ಇಂಜೆನಾಲ್ ಮೆಬ್ಯುಟೇಟ್, ಬಿಸಿಲಿನಿಂದ ಕೆಟ್ಟ ಚರ್ಮಕ್ಕೆ ಹಚ್ಚುವ ಔಷಧಿಯಾಗಿತ್ತು. ಆ ಔಷಧಿಯೇ ಚರ್ಮದ ಕ್ಯಾನ್ಸರಿಗೆ ದಾರಿಯಾಗಬಹುದು ಎಂಬ ಆತಂಕದಿಂದ 2020ರಲ್ಲಿ ಯುರೋಪಿನಲ್ಲಿ ಹಿಂದಕ್ಕೆ ಹೋಯಿತು. ಸಣ್ಣ ಅಣುವನ್ನು ಗುಳಿಗೆ ಮಾಡಿ ನುಂಗಿಸಬಹುದು. ಪ್ರೋಟೀನು ಹೊಟ್ಟೆಗೆ ಹೋದರೆ ಬಹುಮಟ್ಟಿಗೆ ಊಟದ ಬೇಳೆಯಂತೆ ಜೀರ್ಣವಾಗುತ್ತದೆ, ರಕ್ತಕ್ಕೆ ಹೋದರೆ ದೇಹ ಅದರ ವಿರುದ್ಧ ಎದ್ದು ನಿಲ್ಲುತ್ತದೆ. ಪ್ರೋಟೀನು ಔಷಧಿಗಳು ತಡವಾಗುವುದಕ್ಕೆ ಇದು ದೊಡ್ಡ ಕಾರಣ.

ಹೊಟ್ಟೆಯೊಳಗೇ ಕೆಲಸ ಇದ್ದರೆ ಮಾತ್ರ ಲೆಕ್ಕ ಬೇರೆ. ಕರುಳಿನ ಜಂತುಹುಳಗಳ ಮೇಲ್ಮೈ ಗಟ್ಟಿ ಪ್ರೋಟೀನು ಪೊರೆ. ಪಪ್ಪಾಯಿ, ಅಂಜೂರದ ಕಿಣ್ವಗಳು ಆ ಪೊರೆಯನ್ನೇ ಕತ್ತರಿಸುತ್ತವೆ ಎಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ತೋರಿಸಿದೆ. ಪಪ್ಪಾಯಿ ಕಿಣ್ವ ಕುಡಿಸಿದ ಇಲಿಗಳಲ್ಲಿ ಹುಳಗಳೂ ಕಡಿಮೆಯಾದವು. ಈಗಿರುವ ಜಂತುಹುಳದ ಔಷಧಿಗಳಿಗೆ ಬಗ್ಗದ ಹುಳಗಳು ಸಾಕುಪ್ರಾಣಿಗಳಲ್ಲಿ ಹೆಚ್ಚುತ್ತಿವೆ. ಪೊರೆಯನ್ನೇ ಕತ್ತರಿಸುವ ಔಷಧಿ ಬಂದರೆ ಹುಳಕ್ಕೆ ಅದರಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ನನ್ನನ್ನು ಕೇಳಿದರೆ, ಗಿಡದ ಹಾಲಿನ ಪ್ರೋಟೀನುಗಳಲ್ಲಿ ನಿಜವಾದ ಔಷಧಿಯ ಭರವಸೆ ಇರುವ ಕಡೆ ಇದು. ಕ್ಯಾನ್ಸರಿನ ಬಗ್ಗೆ ನೀವು ಓದಿದ್ದಕ್ಕೆ ಅಷ್ಟು ಬೆಲೆ ಕೊಡಬೇಡಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಪ್ರೋಟೀನು ಕತ್ತರಿಸುವ ಕಿಣ್ವ ಹಾಕಿದರೆ ಅವು ಸಾಯುವುದರಲ್ಲಿ ಆಶ್ಚರ್ಯವೇನಿದೆ? ಪಕ್ಕದ ಒಳ್ಳೆಯ ಕೋಶವನ್ನು ಬಿಟ್ಟು ಕ್ಯಾನ್ಸರ್ ಕೋಶವನ್ನೇ ಕೊಲ್ಲುತ್ತದೆಯಾ ಅನ್ನುವುದು ಪ್ರಶ್ನೆ.

ರಬ್ಬರ್ ಮರದ ಹಾಲಿನಲ್ಲಿ ಹೆವೀನ್ ಎಂಬ ಪುಟ್ಟ ಪ್ರೋಟೀನಿದೆ. 43 ಅಮೈನೋ ಆಮ್ಲ ಅಷ್ಟೇ. ಶಿಲೀಂಧ್ರಗಳ ಗೋಡೆಯಲ್ಲಿರುವ ಕೈಟಿನ್‌ಗೆ ಅಂಟಿಕೊಂಡು ಅವುಗಳ ಬೆಳವಣಿಗೆ ನಿಲ್ಲಿಸುತ್ತದೆ. ಶಿಲೀಂಧ್ರದ ಔಷಧಿ ಮಾಡಬಹುದಲ್ಲ ಅನಿಸುತ್ತದೆ, ಅಲ್ವಾ? ಆದರೆ ಇದೇ ಹೆವೀನ್ ರಬ್ಬರ್ ಗ್ಲೌಸ್ ಅಲರ್ಜಿಯ ಮುಖ್ಯ ಕಾರಣಗಳಲ್ಲಿ ಒಂದು. ಏಡ್ಸ್ ಭಯದಿಂದ 1980ರ ದಶಕದ ಕೊನೆಯಲ್ಲಿ ಆಸ್ಪತ್ರೆಗಳಲ್ಲಿ ಗ್ಲೌಸ್ ಬಳಕೆ ಒಮ್ಮೆಲೇ ಏರಿತು. ಗ್ಲೌಸಿನೊಳಗಿನ ಪುಡಿಗೆ ಈ ಪ್ರೋಟೀನುಗಳು ಅಂಟಿಕೊಂಡು ಗಾಳಿಯಲ್ಲಿ ಹಾರಾಡಿದವು. ನರ್ಸುಗಳು, ಡಾಕ್ಟರುಗಳು, ಪದೇಪದೇ ಆಪರೇಷನ್ ಆದ ಮಕ್ಕಳು ಅಲರ್ಜಿಗೆ ಬಿದ್ದರು. ಅಮೆರಿಕ ಪುಡಿ ಹಾಕಿದ ಗ್ಲೌಸನ್ನು 2017ರ ಜನವರಿಯಿಂದ ನಿಷೇಧಿಸಿತು. ಹೆವೀನ್ ಹೋಲುವ ತುಣುಕು ಬಾಳೆ, ಬೆಣ್ಣೆಹಣ್ಣು, ಕಿವಿ ಹಣ್ಣುಗಳ ಪ್ರೋಟೀನಿನಲ್ಲೂ ಇದೆ. ಅದಕ್ಕೇ ಗ್ಲೌಸ್ ಅಲರ್ಜಿ ಇರುವ ಕೆಲವರಿಗೆ ಈ ಹಣ್ಣು ತಿಂದರೆ ತುಟಿ ಊದುತ್ತದೆ.

ಹಾಗಾದರೆ ಇವುಗಳಿಂದ ಇವತ್ತು ಜೀವ ಉಳಿಯುತ್ತಿರುವುದು ಎಲ್ಲಿ? ದೇಹದ ಹೊರಗೆ, ಔಷಧಿ ತಯಾರಿಸುವ ಜಾಗದಲ್ಲಿ. 1959ರಲ್ಲಿ ಬ್ರಿಟನ್ನಿನ ಜೀವರಸಾಯನ ವಿಜ್ಞಾನಿ ರಾಡ್ನಿ ಪೋರ್ಟರ್ ಪಪೇನ್ ಬಳಸಿ ಪ್ರತಿಕಾಯಗಳನ್ನು, ಅಂದರೆ ಹೊರಗಿನ ವಸ್ತುವನ್ನು ಹಿಡಿಯಲು ದೇಹ ಮಾಡುವ ಪ್ರೋಟೀನುಗಳನ್ನು, ಮೂರು ತುಂಡು ಮಾಡಿದರು. ಅದರಿಂದಲೇ ಪ್ರತಿಕಾಯಗಳ ರಚನೆ ಬಿಡಿಸಲು ದಾರಿಯಾಯಿತು, 1972ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಆ ಉಪಾಯ ಇಂದಿಗೂ ನಡೆಯುತ್ತಿದೆ. ಉತ್ತರ ಅಮೆರಿಕದ ಹಾವುಗಳ ವಿಷಕ್ಕೆ ಕೊಡುವ ಕ್ರೋಫ್ಯಾಬ್, ಡಿಜಾಕ್ಸಿನ್ ಎಂಬ ಹೃದಯದ ಔಷಧಿ ಜಾಸ್ತಿಯಾದವರಿಗೆ ಕೊಡುವ ಡಿಜಿಫ್ಯಾಬ್, ಎರಡರಲ್ಲೂ ಕುರಿಯ ಪ್ರತಿಕಾಯವನ್ನು ಪಪೇನಿನಿಂದ ಕತ್ತರಿಸಿ, ವಿಷ ಹಿಡಿಯುವ ತುಂಡನ್ನು ಮಾತ್ರ ಬಳಸುತ್ತಾರೆ. ಪಪ್ಪಾಯಿ ಅಥವಾ ಪಪೇನ್ ಅಲರ್ಜಿ ಇರುವವರು ಹುಷಾರು ಎಂದು ಆ ಔಷಧಿಗಳ ಮಾಹಿತಿಯಲ್ಲೇ ಬರೆದಿರುತ್ತದೆ. ಡಿಜಾಕ್ಸಿನ್ ಪ್ರತಿಕಾಯದ ತುಂಡುಗಳು ಹಳದಿ ಕಣಗಿಲೆ ಬೀಜದ ವಿಷಕ್ಕೂ ಕೆಲಸ ಮಾಡುತ್ತವೆ ಎಂದು ಶ್ರೀಲಂಕಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಹಳದಿ ಕಣಗಿಲೆಯೂ ಹಾಲಿನ ಗಿಡವೇ. ಒಂದು ಹಾಲಿನ ಗಿಡದ ವಿಷಕ್ಕೆ ಮದ್ದು ಮಾಡಲು ಇನ್ನೊಂದು ಹಾಲಿನ ಗಿಡದ ಕಿಣ್ವ ಬೇಕಾಯಿತು ನೋಡಿ.

ರಕ್ತನಿಧಿಗಳಲ್ಲೂ ಪಪೇನ್, ಫೈಸಿನ್ ಇರುತ್ತವೆ. ಕೆಂಪು ಕಣಗಳ ಮೇಲಿನ ಕೆಲವು ಪ್ರೋಟೀನುಗಳನ್ನು ಇವು ಕತ್ತರಿಸಿ ತೆಗೆದಾಗ, ಕಣ್ಣಿಗೆ ಬೀಳದ ಕೆಲವು ಪ್ರತಿಕಾಯಗಳು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಗಸಗಸೆ ಹಾಲಿನಲ್ಲಿ ಮಾರ್ಫಿನ್ ತಯಾರಾಗುವ ಹಾದಿಯ ಒಂದು ಹಂತವನ್ನು ಅಲ್ಲಿನ ಒಂದು ಪ್ರೋಟೀನೇ ನಡೆಸುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಅದನ್ನು ಯೀಸ್ಟ್‌ಗೆ ಸೇರಿಸಿ, ಗಿಡವಿಲ್ಲದೆ ಇಂಥ ಔಷಧಿ ಮಾಡುವ ಪ್ರಯತ್ನಗಳು ನಡೆದಿವೆ.

ಮತ್ತೆ ನಿಮ್ಮ ತಾಯಿಯವರ ವಿಷಯ. ಡಾಕ್ಟರ ಹತ್ತಿರ ಹೋದಾಗ ಗಾಯದ ಸತ್ತ ಭಾಗ ತೆಗೆಯಬೇಕಾ, ತೆಗೆಯುವುದಾದರೆ ಬ್ಲೇಡಾ ಮುಲಾಮಾ ಎಂದು ಕೇಳಿ. ಅದಕ್ಕೆಂದು ಕೊಲಾಜಿನೇಸ್ ಎಂಬ ಕಿಣ್ವದ ಮುಲಾಮು ಇದೆ, ಬ್ಯಾಕ್ಟೀರಿಯಾದಿಂದ ಮಾಡಿದ್ದು. ಅದು ಇವರಿಗೆ ಹೊಂದುತ್ತದೋ ಇಲ್ಲವೋ ಎಂದು ಗಾಯ ನೋಡಿದವರೇ ಹೇಳಬೇಕು. ಈಗಾಗಲೇ ಯಾವುದಾದರೂ ಗಿಡದ ಹಾಲು ಹಚ್ಚಿದ್ದರೆ ಮುಚ್ಚಿಡಬೇಡಿ, ಯಾವ ಗಿಡದ್ದು, ಯಾವಾಗ ಹಚ್ಚಿದ್ದು ಎಂದು ಹೇಳಿಬಿಡಿ. ಪಪ್ಪಾಯಿ, ಬಾಳೆ, ಕಿವಿ ಹಣ್ಣು ತಿಂದಾಗ ಬಾಯಿ ತುರಿಸುವುದು, ಬಲೂನು ಊದಿದಾಗ ತುಟಿ ಊದುವುದು ಇಂಥದ್ದೇನಾದರೂ ಅವರಿಗೆ ಆಗಿದ್ದರೆ ಅದನ್ನೂ ಮೊದಲೇ ತಿಳಿಸಿ. ಆಗ ಗಾಯಕ್ಕೆ ಕೈ ಹಾಕುವವರು ರಬ್ಬರ್ ಬದಲು ಬೇರೆ ಗ್ಲೌಸ್ ಹಾಕಿಕೊಳ್ಳುತ್ತಾರೆ.